ಕಾರಿನ ಹಿಂಬದಿಗೆ ಎಲ್‌ಇಡಿ: ಬಲ್ಬ್ ಬದಲಿಸುವ ಮುನ್ನ ಯೋಚಿಸಿ

ಥಾಣೆ: ಆಯುಧ ಪೂಜೆ ಹತ್ತಿರವಾಗುತ್ತಿದ್ದಂತೆ ವರ್ತಕ ನಗರದಿಂದ ಹಿಡಿದು ಡೊಂಬಿವಲಿ, ಕಲ್ಯಾಣ್, ನವಿ ಮುಂಬಯಿಯವರೆಗೆ ಕನ್ನಡಿಗರ ವಾಹನಗಳಿಗೆ ವಿಶೇಷ ಆರೈಕೆ ಆರಂಭವಾಗುತ್ತದೆ. ಕಾರು ತೊಳೆದು, ಸೀಟಿಗೆ ಹೊಸ ಕವರ್ ಹೊದಿಸಿ, ಚೆಂಡು ಹೂವಿನ ಮಾಲೆ ಹಾಕಿ, ಚಕ್ರದಡಿ ಲಿಂಬೆ ಇಡುವುದು ಹಿಂದಿನಿಂದಲೂ ಬಂದ ಪದ್ಧತಿ. ಈ ಪಟ್ಟಿಗೆ ಈಗ ಇನ್ನೊಂದು ಸೇರಿಕೊಂಡಿದೆ. ಹಳೆಯ ಬ್ರೇಕ್ ಲೈಟ್ ಮತ್ತು ಇಂಡಿಕೇಟರ್ ಬಲ್ಬ್ ಕಳಚಿ ಅದರ ಜಾಗದಲ್ಲಿ ಎಲ್‌ಇಡಿ ಕೂರಿಸುವುದು. ಬೆಲೆ ಕೈಗೆಟಕುವಷ್ಟು, ಕೆಲಸ ಹತ್ತು ನಿಮಿಷದ್ದು, ಹೊಳಪು ಕಣ್ಣಿಗೆ ಹಬ್ಬ. ಹೀಗಿರುವಾಗ ಬೇಡವೆನ್ನುವವರು ಯಾರು?

ಮನೆಯ ಅನುಭವವೂ ಇದಕ್ಕೆ ಪುಷ್ಟಿ ನೀಡಿದೆ. 2015ರ ಜನವರಿಯಲ್ಲಿ ಕೇಂದ್ರ ಸರಕಾರ ಉಜಾಲಾ ಯೋಜನೆ ಆರಂಭಿಸಿದ ಬಳಿಕ ಮನೆಮನೆಯ ಬಲ್ಬುಗಳು ಎಲ್‌ಇಡಿಯಾಗಿ ಬದಲಾದವು, ಕರೆಂಟ್ ಬಿಲ್ಲು ಇಳಿಯಿತು. ಮನೆಯಲ್ಲಿ ಒಳ್ಳೆಯದಾದದ್ದು ಕಾರಿನಲ್ಲೂ ಒಳ್ಳೆಯದೇ ಎಂಬ ನಂಬಿಕೆ ಸಹಜ. ಆದರೆ ಮನೆಯ ದೀಪ ಮನೆಯವರಿಗೆ ಬೆಳಕು ಕೊಡುತ್ತದೆ. ಕಾರಿನ ಹಿಂಬದಿಯ ದೀಪ ಹಿಂದೆ ಬರುವ ಅಪರಿಚಿತನಿಗೆ ಸೂಚನೆ ಕೊಡುತ್ತದೆ. ಆ ಸೂಚನೆ ಅವನಿಗೆ ತಪ್ಪಿಲ್ಲದೆ ತಲಪುತ್ತಿದೆಯೇ ಎಂಬುದನ್ನು ಬಲ್ಬ್ ಬದಲಿಸಿದವರಲ್ಲಿ ಹೆಚ್ಚಿನವರು ನೋಡುವುದೇ ಇಲ್ಲ.

ಲಾಭವಿಲ್ಲವೆಂದಲ್ಲ

ಎಲ್‌ಇಡಿಯ ಪರವಾಗಿ ಹೇಳಬೇಕಾದದ್ದು ಖಂಡಿತ ಇದೆ. ಸಾಮಾನ್ಯ ಬಲ್ಬಿನ ಒಳಗಿನ ತಂತಿ ಕಾದು ಪೂರ್ತಿ ಬೆಳಗಲು ಸೆಕೆಂಡಿನ ಐದನೇ ಒಂದು ಭಾಗದಷ್ಟು ಸಮಯ ತಗಲುತ್ತದೆ. ಎಲ್‌ಇಡಿ ತಕ್ಷಣ ಬೆಳಗುತ್ತದೆ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹಿಂದೆ ಬರುತ್ತಿರುವ ವಾಹನ ಅಷ್ಟು ಸಮಯದಲ್ಲಿ ಸುಮಾರು ನಾಲ್ಕೂವರೆ ಮೀಟರ್ ಮುಂದೆ ಬಂದಿರುತ್ತದೆ. ಹತ್ತಿರ ಹತ್ತಿರ ಒಂದು ಕಾರಿನ ಉದ್ದ! ಪೂರ್ವ ದ್ರುತಗತಿ ಹೆದ್ದಾರಿಯಲ್ಲೋ ಘೋಡ್‌ಬಂದರ್ ರಸ್ತೆಯಲ್ಲೋ ಒಂದರ ಹಿಂದೊಂದು ಸಾಗುವ ವಾಹನಗಳಿಗೆ ಇದು ಸಣ್ಣ ಅಂತರವಲ್ಲ.

ಆದರೆ ಪೆಟ್ರೋಲ್ ಉಳಿಯುತ್ತದೆ ಎಂಬ ಮಾತಿನಲ್ಲಿ ಹುರುಳಿಲ್ಲ. ಬ್ರೇಕ್ ಬಲ್ಬ್ ತಲಾ 21 ವಾಟ್. ಎರಡು ಸೇರಿದರೆ 42. ಅದೂ ಬ್ರೇಕ್ ತುಳಿದಾಗ ಮಾತ್ರ. ಕಾರ್ಖಾನೆಯಿಂದಲೇ ಎಲ್‌ಇಡಿ ಜೋಡಿಸಿ ಬರುವ ಹೊಸ ಕಾರುಗಳ ವಿಚಾರವೇ ಬೇರೆ. ಅವುಗಳಲ್ಲಿ ಗಾಜು, ಪ್ರತಿಫಲಕ, ವಯರಿಂಗ್ ಎಲ್ಲವನ್ನೂ ಎಲ್‌ಇಡಿಗೆಂದೇ ರೂಪಿಸಿ, ಪರೀಕ್ಷಿಸಿ ಅನುಮತಿ ಪಡೆದಿರುತ್ತಾರೆ. ತೊಂದರೆ ಇರುವುದು ಬಲ್ಬಿಗಾಗಿ ಮಾಡಿದ ಗೂಡಿನಲ್ಲಿ ಎಲ್‌ಇಡಿಯನ್ನು ತುರುಕುವಲ್ಲಿ.

ಇಂಡಿಕೇಟರ್ ಏಕೆ ಅವಸರಿಸುತ್ತದೆ?

ಎಲ್‌ಇಡಿ ಹಾಕಿಸಿಕೊಂಡವರ ಮೊದಲ ದೂರು, ಇಂಡಿಕೇಟರ್ ವಿಪರೀತ ವೇಗವಾಗಿ ಮಿನುಗುತ್ತದೆ ಎಂಬುದು. 21 ವಾಟಿನ ಬಲ್ಬ್ 12 ವೋಲ್ಟಿನಲ್ಲಿ ಒಂದೂಮುಕ್ಕಾಲು ಆಂಪಿಯರ್ ವಿದ್ಯುತ್ ಎಳೆಯುತ್ತದೆ. ಎಲ್‌ಇಡಿ ಅದರ ಸಣ್ಣದೊಂದು ಪಾಲು ಮಾತ್ರ. ವಿದ್ಯುತ್ ಹರಿವು ಕಡಿಮೆಯಾದರೆ ಒಂದು ಬಲ್ಬ್ ಸುಟ್ಟಿದೆ ಎಂದು ಫ್ಲಾಶರ್ ರಿಲೇ ತಿಳಿದುಕೊಳ್ಳುತ್ತದೆ. ಚಾಲಕನಿಗೆ ತಿಳಿಯಲೆಂದು ಟಿಕ್ ಟಿಕ್ ಸದ್ದನ್ನು ಇಮ್ಮಡಿ ವೇಗಗೊಳಿಸುತ್ತದೆ. ತುಂಬ ಹಳೆಯ ಕಾರುಗಳಲ್ಲಿ ರಿಲೇ ಬಿಸಿಯಾಗುವುದಕ್ಕೂ ಸಾಕಷ್ಟು ವಿದ್ಯುತ್ ಸಿಗದೆ ಇಂಡಿಕೇಟರ್ ಮಿನುಗದೆ ಹಾಗೆಯೇ ನಿಲ್ಲುವುದೂ ಉಂಟು.

ಇದಕ್ಕೆ ಗ್ಯಾರೇಜಿನವರ ಬಳಿ ಸಿದ್ಧ ಮದ್ದು ಇದೆ. ಎಲ್‌ಇಡಿಯ ಪಕ್ಕದಲ್ಲಿ ಒಂದು ರೆಸಿಸ್ಟರ್ ಜೋಡಿಸುವುದು. ಸಾಮಾನ್ಯವಾಗಿ ಬಳಸುವ 6 ಓಮ್ ರೆಸಿಸ್ಟರ್ 12 ವೋಲ್ಟಿನಲ್ಲಿ 24 ವಾಟ್, ಇಂಜಿನ್ ಓಡುತ್ತಿರುವಾಗ 14 ವೋಲ್ಟಿನಲ್ಲಿ ಸುಮಾರು 32 ವಾಟ್ ಶಾಖ ಹೊರಸೂಸುತ್ತದೆ. ವಿದ್ಯುತ್ ಉಳಿಸಲು ಹೊರಟವರು ಹಳೆಯ ಬಲ್ಬಿಗಿಂತ ಹೆಚ್ಚು ವಿದ್ಯುತ್ತನ್ನು ಶಾಖವಾಗಿ ಸುಟ್ಟಂತಾಯಿತು. ಇದನ್ನು ಪ್ಲಾಸ್ಟಿಕ್‌ಗೋ ವಯರಿನ ಕಟ್ಟಿಗೋ ತಾಗಿಸಿ ಬಿಟ್ಟರೆ ಕರಗುವ ಅಪಾಯವಿದೆ.

ಇನ್ನೊಂದು ಅಪಾಯ ಕಣ್ಣಿಗೆ ಕಾಣದು. ರೆಸಿಸ್ಟರ್ ಇರುವಾಗ ಎಲ್‌ಇಡಿ ಕೆಟ್ಟುಹೋದರೂ ವಿದ್ಯುತ್ ಹರಿಯುತ್ತಲೇ ಇರುತ್ತದೆ. ರಿಲೇಗೆ ಏನೂ ಗೊತ್ತಾಗುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಬಾಣ ಎಂದಿನಂತೆ ಮಿನುಗುತ್ತದೆ, ಚಾಲಕ ನಿಶ್ಚಿಂತೆಯಿಂದ ತಿರುಗುತ್ತಾನೆ, ಹಿಂದಿನವನಿಗೆ ಮಾತ್ರ ಕತ್ತಲೆ. ಎಲ್‌ಇಡಿಗೆಂದೇ ಬರುವ ರಿಲೇ ಹಾಕಿಸಿದರೆ ಶಾಖದ ಸಮಸ್ಯೆ ತಪ್ಪುತ್ತದೆಯಾದರೂ ಬಲ್ಬ್ ಹೋದ ಎಚ್ಚರಿಕೆ ಅವುಗಳಲ್ಲಿ ಅನೇಕದರಿಂದ ಸಿಗುವುದಿಲ್ಲ. ರಿಲೇಯ ಕೆಲಸವನ್ನು ಕಂಪ್ಯೂಟರೇ ಮಾಡುವ ಹೊಸ ಕಾರುಗಳಲ್ಲಿ ವಯರ್ ಕತ್ತರಿಸಿ ಜೋಡಿಸಿದರೆ ವಾರಂಟಿಗೂ ಸಂಚಕಾರ ಬರಬಹುದು.

ಹಿಂದಿನವನ ಕಣ್ಣಿಗೆ

ಬ್ರೇಕ್ ಲೈಟಿನ ವಿಷಯ ಇನ್ನೂ ಗಂಭೀರ. ಅನೇಕ ಕಾರುಗಳಲ್ಲಿ ಒಂದೇ ಬಲ್ಬಿನೊಳಗೆ ಎರಡು ತಂತಿಗಳಿರುತ್ತವೆ: ರಾತ್ರಿ ಸದಾ ಉರಿಯುವುದಕ್ಕೆ 5 ವಾಟಿನದು, ಬ್ರೇಕಿಗೆ 21 ವಾಟಿನದು. ಈ ನಾಲ್ಕು ಪಟ್ಟು ವ್ಯತ್ಯಾಸವೇ ಹಿಂದಿನವನಿಗೆ ‘ಮುಂದಿನ ಗಾಡಿ ನಿಲ್ಲುತ್ತಿದೆ’ ಎಂದು ಹೇಳುವುದು. ಅಗ್ಗದ ಎಲ್‌ಇಡಿಗಳಲ್ಲಿ ಈ ವ್ಯತ್ಯಾಸ ತೀರಾ ಕಡಿಮೆ ಇರುವುದುಂಟು. ಆಗ ರಾತ್ರಿಯಿಡೀ ಬ್ರೇಕ್ ಹಿಡಿದಂತೆ ಕೆಂಪು ಉರಿಯುತ್ತದೆ. ನಿಜವಾಗಿ ಬ್ರೇಕ್ ಹಿಡಿದಾಗ ಹೊಸದೇನೂ ಕಾಣುವುದಿಲ್ಲ. ಮುಂಬ್ರಾ ಬೈಪಾಸಿನ ಮಳೆಯಲ್ಲಿ ಇದರ ಪರಿಣಾಮ ಏನಾದೀತೆಂದು ಊಹಿಸುವುದು ಕಷ್ಟವಲ್ಲ.

ಬಣ್ಣದ ಆಯ್ಕೆಯಲ್ಲೂ ತಪ್ಪಾಗುತ್ತದೆ. ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಇಟ್ಟರೆ ಹೆಚ್ಚು ಬೆಳಕು ಬರುತ್ತದೆ ಎಂಬ ಎಣಿಕೆ ಸುಳ್ಳು. ಬಿಳಿ ಎಲ್‌ಇಡಿಯ ಬೆಳಕಿನಲ್ಲಿ ಕೆಂಪಿನ ಪಾಲು ಕಡಿಮೆ. ಗಾಜು ಉಳಿದ ಬಣ್ಣಗಳನ್ನು ತಡೆಯುವುದರಿಂದ ದೀಪ ಮಂಕಾಗುತ್ತದೆ. ಕೆಂಪು ಗಾಜಿಗೆ ಕೆಂಪು, ಕಿತ್ತಳೆ ಗಾಜಿಗೆ ಕಿತ್ತಳೆ ಎಲ್‌ಇಡಿಯೇ ಆಗಬೇಕು. ಪ್ರತಿಫಲಕವನ್ನು ತಂತಿ ಉರಿಯುವ ಜಾಗಕ್ಕೆ ಹೊಂದಿಸಿ ಮಾಡಿರುವುದರಿಂದ ಎಲ್‌ಇಡಿಯ ಬೆಳಕು ಒಂದು ಕಡೆ ಚುಚ್ಚುವಂತೆ, ಇನ್ನೊಂದು ಕಡೆ ಇಲ್ಲದಂತೆ ಹರಡಬಹುದು.

ಕಾನೂನು ಏನು ಹೇಳುತ್ತದೆ?

1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಇಂಡಿಕೇಟರ್ ಕಿತ್ತಳೆ ಬಣ್ಣದ್ದಾಗಿದ್ದು ನಿಮಿಷಕ್ಕೆ 60ಕ್ಕಿಂತ ಕಡಿಮೆಯಲ್ಲದೆ, 120ಕ್ಕಿಂತ ಹೆಚ್ಚಲ್ಲದೆ ಮಿನುಗಬೇಕು. ಇಂಡಿಕೇಟರ್, ರಿವರ್ಸ್ ಲೈಟ್, ನಂಬರ್ ಪ್ಲೇಟಿನ ದೀಪದಂಥ ಕೆಲವನ್ನು ಬಿಟ್ಟರೆ ಹಿಂಬದಿಗೆ ಕೆಂಪಲ್ಲದ ಬೆಳಕು ತೋರಿಸುವಂತಿಲ್ಲ. ಅಂದಮೇಲೆ ನೀಲಿ, ನೇರಳೆ ಬ್ರೇಕ್ ಲೈಟ್‌ಗಳ ಷೋಕಿಗೆ ಜಾಗವೇ ಇಲ್ಲ. ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ತೀರ್ಪು ನೀಡಿದೆ. ಅದೇ ವರ್ಷದ ಕಾಯಿದೆ ತಿದ್ದುಪಡಿಯಂತೆ ಅನುಮತಿಯಿಲ್ಲದ ಪ್ರತಿಯೊಂದು ಮಾರ್ಪಾಡಿಗೆ ಮಾಲಕರಿಗೆ 5,000 ರೂಪಾಯಿ ದಂಡ, ಆರು ತಿಂಗಳವರೆಗಿನ ಜೈಲು ಅಥವಾ ಎರಡನ್ನೂ ವಿಧಿಸಬಹುದು.

ಹಿಂಬದಿಯ ಒಂದು ಬಲ್ಬಿಗಾಗಿ ಪೊಲೀಸರು ಕಾರು ನಿಲ್ಲಿಸುವುದು ಅಪರೂಪವಿರಬಹುದು. ಆದರೆ ಕಣ್ಣು ಕೋರೈಸುವ ಎಲ್‌ಇಡಿ ಹೆಡ್‌ಲೈಟ್‌ಗಳ ವಿರುದ್ಧ ಕರ್ನಾಟಕ ಪೊಲೀಸರು 2024ರ ಜುಲೈಯಲ್ಲಿ ಪ್ರಕರಣ ದಾಖಲಿಸುವ ಕ್ರಮ ಕೈಗೊಂಡದ್ದನ್ನು ಊರಿಗೆ ಹೋಗಿಬರುವವರು ಮರೆಯಬಾರದು. ಅಪಘಾತವಾದಾಗ ವಿಮಾ ಕಂಪೆನಿಯವರು ಮಾರ್ಪಾಡಿನ ಪ್ರಶ್ನೆ ಎತ್ತಲೂ ಅವಕಾಶವಿದೆ. ಜರ್ಮನಿಯಲ್ಲಿ 2020ರಿಂದ ಹಳೆಯ ಹೆಡ್‌ಲೈಟ್‌ಗೆ ಎಲ್‌ಇಡಿ ಹಾಕಲು ಅನುಮತಿ ದೊರೆತಿದೆಯಾದರೂ ಅದು ಪರೀಕ್ಷಿಸಿ ಒಪ್ಪಿದ ಬಲ್ಬಿಗೆ, ಪಟ್ಟಿಯಲ್ಲಿರುವ ಕಾರಿಗೆ ಮಾತ್ರ ಎಂಬುದು ಗಮನಾರ್ಹ.

ಸಂಘಗಳು ಮಾಡಬಹುದಾದ ಕೆಲಸ

ಹಾಗಾದರೆ ಮಾಡಬೇಕಾದದ್ದೇನು? ಹಳೆಯ ಬಲ್ಬ್ ಮಂಕಾಗಿದ್ದರೆ ಅದೇ ವಾಟಿನ ಒಳ್ಳೆಯ ಹೊಸ ಬಲ್ಬ್ ಹಾಕಿಸಿ, ಗಾಜನ್ನು ಒಳಗೂ ಹೊರಗೂ ಒರೆಸಿ, ಹೋಲ್ಡರಿನ ತುಕ್ಕು ಕೆರೆಸಿದರೆ ಬೆಳಕು ಹೆಚ್ಚುತ್ತದೆ. ಅನೇಕರಿಗೆ ಇಷ್ಟೇ ಸಾಕು. ಈಗಾಗಲೇ ಎಲ್‌ಇಡಿ ಹಾಕಿಸಿಕೊಂಡವರು ಕತ್ತಲಾದ ಮೇಲೆ ಒಬ್ಬರನ್ನು ಸೀಟಿನಲ್ಲಿ ಕೂರಿಸಿ, ತಾವು ಮೂವತ್ತು ಹೆಜ್ಜೆ ಹಿಂದೆ ನಿಂತು ನೋಡಲಿ. ಟೈಲ್ ಲೈಟಿಗೂ ಬ್ರೇಕ್ ಲೈಟಿಗೂ ಎದ್ದುಕಾಣುವ ವ್ಯತ್ಯಾಸವಿಲ್ಲದಿದ್ದರೆ ಹಳೆಯ ಬಲ್ಬನ್ನೇ ಮರಳಿ ಹಾಕಿಸುವುದು ಕ್ಷೇಮ.

ಆಯುಧ ಪೂಜೆಯ ದಿನ ಸಂಘದ ಅಂಗಳದಲ್ಲಿ ಸಾಲಾಗಿ ನಿಲ್ಲುವ ವಾಹನಗಳಿಗೆ ಮಂಗಳಾರತಿಯ ಜೊತೆಗೆ ಇಂಥದೊಂದು ತಪಾಸಣೆಯನ್ನೂ ಇಟ್ಟುಕೊಂಡರೆ ಖರ್ಚೇನೂ ಇಲ್ಲ. ನಮ್ಮ ಸಮಾಜದಲ್ಲಿ ಗ್ಯಾರೇಜು ನಡೆಸುವವರು, ಟೆಂಪೋ ಓಡಿಸುವವರು ಕಡಿಮೆಯೇನಿಲ್ಲ. ಒಂದು ಸಂಜೆ ಅವರು ಮುಂದೆ ಬಂದರೆ ಸಾಕು. ಮೇ ರಜೆಯಲ್ಲಿ, ಚೌತಿಯಲ್ಲಿ ಪನ್ವೇಲ್ ದಾಟಿ ಕಶೇಡಿ ಘಾಟಿಯ ಹಾದಿ ಹಿಡಿಯುವ ಎಂಎಚ್-04, ಎಂಎಚ್-05, ಎಂಎಚ್-43ರ ಸಾಲಿನಲ್ಲಿ ಉಡುಪಿಗೋ ಕುಂದಾಪುರಕ್ಕೋ ಹೊರಟ ಕುಟುಂಬಗಳೇ ಒಂದರ ಹಿಂದೊಂದು ಇರುತ್ತವೆ. ಮುಂದಿನ ಕಾರಿನ ಕೆಂಪು ದೀಪವನ್ನೇ ನಂಬಿ ಬರುತ್ತಿರುವವರು ಪಕ್ಕದ ಬಿಲ್ಡಿಂಗಿನವರೇ ಆಗಿರಲೂಬಹುದು.