ಕುಂಕುಮ ಹಚ್ಚಿದರೆ ಪಿಸ್ತೂಲು ಸರಿಹೋಗಲ್ಲ

ಆಯುಧಪೂಜೆ ದಿನ ನಮ್ಮ ಮನೇಲಿ ಸ್ಕೂಟರಿಗೆ ಹಾರ, ಹೊಲಿಗೆ ಮಷೀನಿಗೆ ಕುಂಕುಮ, ನನ್ನ ಏರ್ ಪಿಸ್ತೂಲಿಗೆ ಗಂಧ. ಮಾರನೇ ದಿನದಿಂದ ಮುಂದಿನ ಹಬ್ಬದವರೆಗೆ ಯಾವುದಕ್ಕೂ ಒಂದು ತೊಟ್ಟು ಎಣ್ಣೆ ಇಲ್ಲ. ನಮ್ಮ ಭಕ್ತಿ ಇಷ್ಟೇ ಸ್ವಾಮಿ. ಕೆಟ್ಟಾಗ ಮಾತ್ರ ನಮ್ಮೊಳಗಿನ ಮೆಕ್ಯಾನಿಕ್ ಎದ್ದು ಕೂರ್ತಾನೆ.

ನಾನೂ ಹಾಗೇ ಎದ್ದು ಕೂತವನು. ಟ್ರಿಗರ್ ಯಾಕೋ ಬಿಗಿ ಅನ್ನಿಸ್ತು. ಮೊಬೈಲಿನಲ್ಲಿ ಯಾರೋ ಮಹಾನುಭಾವ ಹತ್ತೇ ನಿಮಿಷದಲ್ಲಿ ಬಿಚ್ಚಿ, ಉಜ್ಜಿ, ಜೋಡಿಸಿ ತೋರಿಸಿದ್ದ. ಊಟದ ಟೇಬಲ್ ಮೇಲೆ ಹಳೇ ಪೇಪರ್ ಹಾಸಿ ನಾನೂ ಅರ ಹಿಡಿದೆ. ಟ್ರಿಗರ್ ಬೆಣ್ಣೆಯ ಹಾಗಾಯ್ತು. ಏನು ಹೆಮ್ಮೆ! ಪರೀಕ್ಷೆ ಮಾಡೋಣ ಅಂತ ಪೆಲೆಟ್ ಹಾಕಿ ಟೇಬಲ್ ಮೇಲಿಟ್ಟು, ಗುರಿಹಲಗೆ ತರಲು ಎದ್ದೆ. ಪಕ್ಕದಲ್ಲಿ ಹೋಂವರ್ಕ್ ಮಾಡ್ತಿದ್ದ ಮಗಳು ಪೆನ್ಸಿಲ್ ಹುಡುಕಿ ಡ್ರಾಯರ್ ಧಡ್ ಅಂತ ಮುಚ್ಚಿದಳು. ಆ ಅದುರಿಗೇ ಪಿಸ್ತೂಲು ಹಾರಿತು. ಪೆಲೆಟ್ ಅವಳ ಜಡೆಯಿಂದ ಒಂದು ಗೇಣು ಮೇಲೆ, ಬಾಗಿಲ ಚೌಕಟ್ಟಿನಲ್ಲಿ ನೆಟ್ಟಿತ್ತು.

ಯಾರೂ ಟ್ರಿಗರ್ ಮುಟ್ಟಿರಲಿಲ್ಲ. ಎಳೆದ ಸ್ಪ್ರಿಂಗನ್ನು ತಡೆದು ಹಿಡಿಯಬೇಕಾದ ಕೊಕ್ಕೆಯ ಅಂಚನ್ನೇ ನಾನು ಉಜ್ಜಿ ಸವೆಸಿದ್ದೆ. ತಪ್ಪು ಪೂರ್ತಿ ನನ್ನದೇ. ತುಂಬಿದ ಪಿಸ್ತೂಲನ್ನು ಮೇಜಿನ ಮೇಲೆ ಬಿಟ್ಟು ಎದ್ದವನಿಗೆ ಬೇರೆ ಯಾರನ್ನೂ ಬೈಯುವ ಯೋಗ್ಯತೆ ಇಲ್ಲ.

ಆದರೂ ಕೆಲವು ಮಾತು ಹೇಳದೇ ಬಿಡಲ್ಲ. ಮೊದಲನೆಯದು, ‘ಏರ್ ಪಿಸ್ತೂಲು ತಾನೇ, ಆಟದ ಸಾಮಾನು’ ಅನ್ನೋರಿಗೆ. ನನಗೆ ಮಾರಿದವನೂ ಇದೇ ಅಂದಿದ್ದ: ‘ಲೈಸೆನ್ಸೇ ಬೇಡ ಸಾರ್, ತಗೊಂಡ್ಹೋಗಿ.’ ನಿಜ, 4.5 ಮಿ.ಮೀ. ನಳಿಕೆಯ, 20 ಜೌಲ್‌ಗಿಂತ ಕಡಿಮೆ ಶಕ್ತಿಯ ಏರ್‌ಗನ್ನಿಗೆ ಲೈಸೆನ್ಸ್ ಬೇಡ. ಆದರೆ ಕಾನೂನು ಕೊಟ್ಟ ವಿನಾಯಿತಿ ಕಣ್ಣಿನ ಗುಡ್ಡೆಗೆ ಗೊತ್ತಾಗುತ್ತಾ? ಇನ್ನು ಮದ್ದುಗುಂಡಿನ ಪಿಸ್ತೂಲಿದ್ದು ನಾನೇ ರಿಪೇರಿ ಮಾಡ್ತೀನಿ ಅನ್ನುವ ಶೂರರು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಓದಲಿ. ಮಾರಾಟಕ್ಕೆ, ತಯಾರಿಕೆಗೆ ಬೇಕಾದ ಹಾಗೆ ರಿಪೇರಿ ಕಸುಬಿಗೂ ಪ್ರತ್ಯೇಕ ಲೈಸೆನ್ಸ್ ಬೇಕು.

ಎರಡನೆಯದು, ಟ್ರಿಗರ್ ಹಗುರ ಮಾಡುವ ಹುಚ್ಚಿನವರಿಗೆ. 10 ಮೀಟರ್ ಏರ್ ಪಿಸ್ತೂಲಿನ ಅಂತರರಾಷ್ಟ್ರೀಯ ನಿಯಮದಲ್ಲೇ ಟ್ರಿಗರ್ ಎಳೆತ ಕನಿಷ್ಠ 500 ಗ್ರಾಂ ಇರಬೇಕು. ತೂಕ ನೇತುಹಾಕಿ ಪರೀಕ್ಷೆ ಮಾಡ್ತಾರೆ. ಒಲಿಂಪಿಕ್ಸಿಗೆ ಹೋಗುವವರಿಗೇ ಅದಕ್ಕಿಂತ ಹಗುರ ಬೇಡವಾದರೆ, ಭಾನುವಾರ ಸಂಜೆ ಡಬ್ಬಕ್ಕೆ ಗುರಿಯಿಡುವ ನಮಗೆ ಯಾಕ್ರೀ?

ಮೂರನೆಯದು, ಎಣ್ಣೆ ಸುರಿಯುವವರಿಗೆ. ಸ್ಪ್ರಿಂಗ್ ಪಿಸ್ತೂಲಿನಲ್ಲಿ ಗಾಳಿ ಒತ್ತಿಕೊಳ್ಳುವ ಕೊಳವೆಗೆ ಹೊಲಿಗೆ ಮಷೀನಿನ ಎಣ್ಣೆ ಬಿಟ್ಟರೆ, ಒತ್ತಿದ ಗಾಳಿಯ ಕಾವಿಗೆ ಅದು ಡೀಸೆಲ್ ಎಂಜಿನ್ನಿನ ಹಾಗೆ ಹೊತ್ತಿಕೊಳ್ಳುತ್ತೆ. ಢಂ ಅಂತ ಶಬ್ದ, ಸುಟ್ಟ ವಾಸನೆ. ‘ನೋಡು, ಪವರ್ ಜಾಸ್ತಿಯಾಯ್ತು’ ಅಂತ ಬೀಗ್ತಾರೆ. ಒಳಗೆ ಸೀಲ್ ಹಾಳಾಗ್ತಿರುತ್ತೆ.

‘ನಮ್ಮಪ್ಪ ಪಂಪ್‌ಸೆಟ್ಟು, ರೇಡಿಯೋ ಎಲ್ಲಾ ಮನೇಲೇ ಬಿಚ್ಚಿ ಸರಿ ಮಾಡ್ತಿದ್ರು, ನೀವು ಹೆದರಿಸ್ತೀರಿ’ ಅಂತ ಒಬ್ಬರು ಜಗಳಕ್ಕೇ ಬಂದರು. ರೇಡಿಯೋ ಕೆಟ್ಟರೆ ಹಾಡು ನಿಲ್ಲುತ್ತೆ ಅಷ್ಟೇ. ಆದರೆ ಅವರ ಮಾತಿನಲ್ಲಿ ಅರ್ಧ ನ್ಯಾಯವಿದೆ. ಸಣ್ಣ ಊರಿನವರು ಪಿಸ್ತೂಲನ್ನು ದೂರದೂರಿಗೆ ಕಳಿಸಿ ವಾರಗಟ್ಟಲೆ ಕಾಯಬೇಕು. ನಾನು ಕಲಿತ ಕಡೆ ನಿಲ್ಲೋದು, ಉಸಿರು ಹಿಡಿಯೋದು ಎಲ್ಲಾ ಹೇಳಿಕೊಟ್ಟರು. ಒರೆಸೋದು ಹೇಗೆ ಅಂತ ಒಂದು ದಿನವೂ ಹೇಳಲಿಲ್ಲ. ಟೋಕಿಯೋದಲ್ಲಿ ಮನು ಭಾಕರ್ ಅವರ ಪಿಸ್ತೂಲು ಸ್ಪರ್ಧೆಯ ನಡುವೆಯೇ ಕೈಕೊಟ್ಟಿತು. ಸರಿಮಾಡಿಸಿಕೊಂಡು ಬರುವಷ್ಟರಲ್ಲಿ ಎಷ್ಟೋ ನಿಮಿಷ ಹೋಗಿತ್ತು. 575 ಅಂಕ, 12ನೇ ಸ್ಥಾನ; ಎರಡೇ ಅಂಕದಲ್ಲಿ ಫೈನಲ್ ತಪ್ಪಿತು. 2024ರಲ್ಲಿ ಪ್ಯಾರಿಸ್ಸಿನಲ್ಲಿ ಕಂಚು ಗೆದ್ದರು ಅನ್ನೋದು ಅವರ ಛಲ. ಅಂಥವರ ಯಂತ್ರವೇ ಕೆಡುತ್ತೆ ಅಂದಮೇಲೆ, ಯಂತ್ರದ ಪಾಠವೂ ಆಟದ ಪಾಠವೇ ಅಲ್ಲವಾ?

ಹಾಗಾಗಿ ನನ್ನ ಗೆರೆ ಇದು. ಖಾಲಿ ಇದೆಯಾ ಅಂತ ಎರಡು ಸಲ ನೋಡೋದು, ಬೆವರು ಒರೆಸೋದು, ನಳಿಕೆಯಲ್ಲಿ ಬಟ್ಟೆ ಹಾಯಿಸೋದು, ಹಿಡಿಯ ಸ್ಕ್ರೂ ಬಿಗಿ ಮಾಡೋದು, ಸಿಲಿಂಡರ್ ಇದ್ದರೆ ಅದರ ಮೇಲಿನ ತಾರೀಖು ನೋಡೋದು, ಸೀಸ ಮುಟ್ಟಿದ ಕೈ ತೊಳೆಯೋದು: ಇದು ಮನೆ ಕೆಲಸ. ಟ್ರಿಗರ್, ಸ್ಪ್ರಿಂಗ್, ವಾಲ್ವ್: ಇದು ಬಲ್ಲವರ ಕೆಲಸ. ಕಲಿಸುವವರು ತಿಂಗಳಿಗೊಂದು ಭಾನುವಾರ ಇದನ್ನೂ ಕಲಿಸಲಿ. ಮಾರುವವರು ಕನ್ನಡದಲ್ಲಿ ಒಂದು ಹಾಳೆಯನ್ನಾದರೂ ಡಬ್ಬಿಯೊಳಗೆ ಇಡಲಿ.

ಚೌಕಟ್ಟಿನ ತೂತಿಗೆ ಪುಟ್ಟಿ ಹಾಕ್ಸೋಣ ಅಂದಳು ನನ್ನಾಕೆ. ಬೇಡ, ಮುಂದಿನ ಆಯುಧಪೂಜೆಗೆ ಗಂಧ ಅಲ್ಲಿಗೇ ಹಚ್ತೀನಿ ಅಂದೆ. ಪಿಸ್ತೂಲಿಗೆ ಎಣ್ಣೆ ಬಟ್ಟೆ ಸಾಕು.