ಇದು ಕೊಳೆಯ ಕಾಯಿಲೆಯಲ್ಲ, ಒದ್ದೆಯ ಕಾಯಿಲೆ

ಮಂಜೇಶ್ವರ, ಉಪ್ಪಳ, ಕುಂಬಳೆ ಕಡೆಯ ನಮ್ಮ ಮನೆಗಳಲ್ಲಿ ಜೂನ್ ತಿಂಗಳಿಗೆ ಶುರುವಾದ ತುರಿಕೆ ಎಷ್ಟೋ ಸಲ ಮಳೆ ಬಿಟ್ಟರೂ ಬಿಡುವುದಿಲ್ಲ. ಕನ್ನಡದಲ್ಲಿ ಗಜಕರ್ಣ, ಹುಳುಕಡ್ಡಿ ಅನ್ನುತ್ತೇವೆ, ಮಲಯಾಳದಲ್ಲಿ ವಟ್ಟಚ್ಚೊರಿ. ಹೆಸರಿನಲ್ಲಿ ಹುಳುವಿದ್ದರೂ ಇದು ಹುಳುವಲ್ಲ, ಶಿಲೀಂಧ್ರ. ಮಳೆಗಾಲದಲ್ಲಿ ಚಪ್ಪಲಿಗೆ ಬೂಸ್ಟು ಬಂದ ಹಾಗೆ ಒದ್ದೆ ಚರ್ಮಕ್ಕೆ ಹಿಡಿಯುತ್ತದೆ. ಗುಣವಾಗುವ ಕಾಯಿಲೆಯೇ. ಆದರೂ ಬಿಡದಿರುವುದಕ್ಕೆ ನನಗೆ ಕಾಣುವ ದೊಡ್ಡ ಕಾರಣಗಳು ಎರಡು: ಕೈಯಿಂದ ಕೈಗೆ ಹೋಗುವ ಟ್ಯೂಬು ಮತ್ತು ನಾಚಿಕೆ.

ಮೆಡಿಕಲ್‌ಗೆ ಹೋಗಿ "ತುರಿಕೆಗೆ ಒಂದು ಮುಲಾಮು" ಅಂತ ಕೇಳಿ ತರುತ್ತೇವೆ. ಎರಡೇ ದಿನದಲ್ಲಿ ತುರಿಕೆ ಮಾಯ. ಅದೇ ಟ್ಯೂಬು ಉಮ್ಮನಿಗೆ, ಮಕ್ಕಳಿಗೆ, ಗಲ್ಫಿಗೆ ಹೊರಟವರ ಪೆಟ್ಟಿಗೆಗೆ. ಅದರ ಮೇಲಿನ ಸಣ್ಣ ಅಕ್ಷರ ಓದಿ ನೋಡಿ. ಕ್ಲೋಬೆಟಾಸೋಲ್, ಬೀಟಾಮೆಥಾಸೋನ್, ಮೊಮೆಟಾಸೋನ್ ಇದ್ದರೆ ಅದರಲ್ಲಿ ಸ್ಟೀರಾಯ್ಡ್ ಇದೆ. ಅದು ತುರಿಕೆಯನ್ನು ಅಡಗಿಸುತ್ತದೆ, ಶಿಲೀಂಧ್ರವನ್ನು ಕೊಲ್ಲುವುದಿಲ್ಲ. ಬಿಟ್ಟ ಕೂಡಲೇ ಮತ್ತಷ್ಟು ಹರಡುತ್ತದೆ. ತೊಡೆಸಂದಿಗೆ ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗಿ, ಮಾಸದ ಗೆರೆಗಳು ಮೂಡುತ್ತವೆ. ಇಂಥ ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರ್ಕಾರ ನಿಯಮ ಮಾಡಿದೆ. ಟರ್ಬಿನಾಫಿನ್‌ನಂಥ ಮದ್ದಿಗೂ ಸುಲಭಕ್ಕೆ ಬಗ್ಗದ ಒಂದು ತಳಿಗೆ 2020ರಲ್ಲಿ ವಿಜ್ಞಾನಿಗಳು ಇಟ್ಟ ಹೆಸರು ಟ್ರೈಕೋಫೈಟಾನ್ ಇಂಡೊಟಿನಿಯೆ. ಹೆಸರಿನಲ್ಲೇ ನಮ್ಮ ದೇಶ ಇದೆ.

ನಾಚಿಕೆಯ ಮಾತು. ಸೊಂಟ, ತೊಡೆಸಂದಿ, ಎದೆಯ ಕೆಳಗೆ ಬಂದರೆ ನಮ್ಮ ಹೆಂಗಸರು ಯಾರಿಗೂ ಹೇಳುವುದಿಲ್ಲ. ಶುಚಿ ಇಲ್ಲದವರಿಗೆ ಬರುವುದು ಎಂಬ ಮಾತಿಗೆ ಹೆದರುತ್ತಾರೆ. ದಿನಕ್ಕೆ ಐದು ಸಲ ವುಝೂ ಮಾಡುವವರಿಗೂ ಬರುತ್ತದಲ್ಲ! ಇದು ಕೊಳೆಯ ಕಾಯಿಲೆಯಲ್ಲ, ಒದ್ದೆಯ ಕಾಯಿಲೆ. ವುಝೂ ಆದ ಮೇಲೆ ಕಾಲ್ಬೆರಳ ಸಂದಿ ಒರೆಸಿಕೊಳ್ಳಿ. ಮಳೆಯಲ್ಲಿ ನೆನೆದ ಬುರ್ಖಾ, ಯೂನಿಫಾರ್ಮು, ಒಳಬಟ್ಟೆ ಮೈಮೇಲೆ ಒಣಗಲು ಬಿಡಬೇಡಿ.

ಮನೆಯಲ್ಲಿ ಮಾಡಬೇಕಾದದ್ದು ಇಷ್ಟು. ಒಬ್ಬೊಬ್ಬರಿಗೆ ಒಂದೊಂದು ಬೈರಾಸು, ಬಾಚಣಿಗೆ, ಟೊಪ್ಪಿ. ರೋಗ ಇರುವವರ ಬಟ್ಟೆ ಬೇರೆಯಾಗಿ ಬಿಸಿನೀರಲ್ಲಿ ಒಗೆದು, ಒಳಮೈ ಹೊರಗೆ ಮಾಡಿ ಬಿಸಿಲಿಗೆ ಹಾಕಿ. ಬಿಸಿಲಿಲ್ಲದ ದಿನ ಇಸ್ತ್ರಿ ಹಾಕಿ. ಸಣ್ಣ ಒಂದೆರಡು ಕಲೆಗೆ ಸ್ಟೀರಾಯ್ಡ್ ಇಲ್ಲದ ಕ್ಲೋಟ್ರಿಮಝೋಲ್ ಸಾಕಾಗಬಹುದು. ಕಲೆಯ ಅಂಚಿನಿಂದ ಎರಡು ಬೆರಳು ಆಚೆಗೂ ಹಚ್ಚಿ, ಕಲೆ ಹೋದ ಮೇಲೂ ಎರಡು ವಾರ ಬಿಡಬೇಡಿ. ಮನೆಯಲ್ಲಿ ಯಾರ್ಯಾರಿಗೆ ಇದೆಯೋ ಎಲ್ಲರೂ ಒಟ್ಟಿಗೇ ಮದ್ದು ಮಾಡಬೇಕು. ಇಲ್ಲದಿದ್ದರೆ ಒಬ್ಬರಿಂದ ಇನ್ನೊಬ್ಬರಿಗೆ ಸುತ್ತುತ್ತಲೇ ಇರುತ್ತದೆ.

ಬೇಲಿಬದಿಯ ತಜಂಕಿಗೆ ಸಂಸ್ಕೃತದಲ್ಲಿ ದದ್ರುಘ್ನ, ಅಂದರೆ ಗಜಕರ್ಣವನ್ನು ಕೊಲ್ಲುವಂಥದ್ದು, ಎಂದೇ ಹೆಸರು. ಹಿರಿಯರ ಆ ತಿಳಿವಳಿಕೆಯ ಮೇಲೆ ನನಗೆ ಗೌರವವಿದೆ. ಆದರೆ ಮೈಯೆಲ್ಲ ಹರಡಿದ ಮೇಲೆ ಸೊಪ್ಪು ಅರೆಯುತ್ತ ಕೂರುವುದು ಸರಿಯಲ್ಲ. ಹಸಿ ಬೆಳ್ಳುಳ್ಳಿ ತಿಕ್ಕಿದರೆ ಚರ್ಮ ಸುಡುತ್ತದೆ. ಮಕ್ಕಳ ತಲೆಗೆ ಬಂದರೆ, ಉಗುರಿಗೆ ಬಂದರೆ, ಸಕ್ಕರೆ ಕಾಯಿಲೆ ಇದ್ದರೆ, ಬಸುರಿಯಾಗಿದ್ದರೆ, ಎರಡು ವಾರದಲ್ಲಿ ಕಡಿಮೆಯಾಗದಿದ್ದರೆ ಚರ್ಮದ ಡಾಕ್ಟರಿಗೇ ತೋರಿಸಿ. ಲೇಡಿ ಡಾಕ್ಟರೇ ಬೇಕೆಂದರೆ ಹಾಗೇ ಕೇಳಿ, ಅದರಲ್ಲಿ ತಪ್ಪೇನಿಲ್ಲ.

ಮನೆಯ ಗಂಡಸರಿಗೆ ಒಂದು ಮಾತು: ಹೆಂಡತಿ, ಉಮ್ಮ, ಮಗಳು ಬಾಯಿಬಿಟ್ಟು ಹೇಳಲಿ ಅಂತ ಕಾಯಬೇಡಿ. ನಿಮಗೆ ತುರಿಕೆ ಇದ್ದರೆ ಅವರನ್ನೂ ನೀವೇ ಕೇಳಿ, ಒಟ್ಟಿಗೇ ಕರೆದುಕೊಂಡು ಹೋಗಿ.