ಖಂಡ, ಸ್ಫುಟಿತ, ಜೀರ್ಣ

ಹಳೇಬೀಡಿನ ಹತ್ತಿರದ ಹುಲಿಕೆರೆಯ ಕೊಳದ ಬಳಿ ಕಾರು ನಿಲ್ಲಿಸಿ ಟೀ ಕುಡಿಯಲು ಹೋಗಿದ್ದೆ. ಕೊಳ ನೋಡಲು ಬಂದಿದ್ದ ಇಬ್ಬರು ಹುಡುಗರು ನನ್ನ ಅಂಬಾಸಿಡರನ್ನು ಒಂದು ಸುತ್ತು ಹಾಕಿ, ಬಗ್ಗಿ ಗ್ರಿಲ್ ನೋಡಿದರು. ಒಬ್ಬ ಇನ್ನೊಬ್ಬನಿಗೆ ಹೇಳಿದ: "ಚೆನ್ನಾಗಿ ಇಟ್ಕೊಂಡಿದಾರೆ ಕಣೋ. ಆದ್ರೆ ಇದ್ರಲ್ಲಿ ಒರಿಜಿನಲ್ ಅಂತ ಏನ್ ಉಳಿದಿರುತ್ತೆ?" ಅವನ ದನಿಯಲ್ಲಿ ಕೊಂಕಿರಲಿಲ್ಲ, ನಿಜವಾಗಿಯೂ ತಿಳಿಯುವ ಆಸೆಯಿತ್ತು. ಎಂಟು ದಿನದಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ.

ಆ ಕಾರು ಅಪ್ಪ ಕೊಂಡ 1972ರ ಮಾರ್ಕ್ 2, ನಮ್ಮ ಹಳೆಯ ಕೊಟ್ಟಿಗೆಯಲ್ಲೇ ಅದರ ವಾಸ. ಮನೆಗೆ ಬಂದು ಲೆಕ್ಕ ಹಾಕಿದೆ. 1489 ಸಿಸಿಯ ಎಂಜಿನ್ ಎರಡು ಸಲ ಬೋರ್ ಆಗಿದೆ. ಹಿಂದಿನ ಸ್ಪ್ರಿಂಗ್ ಪ್ಲೇಟುಗಳಲ್ಲಿ ಮೂರು ಹೊಸವು. ಕಾಲಡಿಯ ತಗಡು ಪೂರ್ತಿ ಹೊಸದು. ವೈರಿಂಗನ್ನು ನಾನೇ ಒಂದು ಬೇಸಿಗೆಯಿಡೀ ಕೂತು ಬದಲಿಸಿದ್ದೆ. ಇನ್ನು ಕಾರಿನ ಹುಟ್ಟನ್ನೇ ಹಿಡಿದು ನೋಡಿದರೆ, ಇದು ಇಂಗ್ಲೆಂಡಿನ ಕೌಲಿಯಲ್ಲಿ 1956ರಿಂದ ತಯಾರಾದ ಮೋರಿಸ್ ಆಕ್ಸ್‌ಫರ್ಡ್ ಸೀರೀಸ್ 3. ಅವರು ಅದನ್ನು ಮೂರೇ ವರ್ಷದಲ್ಲಿ ಕೈಬಿಟ್ಟರು. ಹಿಂದೂಸ್ತಾನ್ ಮೋಟಾರ್ಸ್‌ನವರು ಅದನ್ನೇ ಅಂಬಾಸಿಡರ್ ಎಂದು ಕೋಲ್ಕತ್ತದ ಹತ್ತಿರದ ಉತ್ತರಪಾರದಲ್ಲಿ 1957ರಿಂದ 2014ರವರೆಗೆ ತಯಾರಿಸಿದರು. ಹುಟ್ಟಿದ ಮನೆಯಲ್ಲಿ ಮೂರು ವರ್ಷ, ಸೇರಿದ ಮನೆಯಲ್ಲಿ ಐವತ್ತೇಳು. ಯಾವ ಮನೆಯ ಕೂಸು ಅನ್ನೋಣ?

ಒರಿಜಿನಲ್ ಯಾವುದು ಎಂಬ ಪ್ರಶ್ನೆಗೆ ಸರ್ಕಾರವೂ ಉತ್ತರ ಕೊಟ್ಟಿದೆ. 2021ರ ನಿಯಮದ ಪ್ರಕಾರ ಐವತ್ತು ವರ್ಷ ದಾಟಿ, ಮೂಲ ಸ್ವರೂಪ ಉಳಿಸಿಕೊಂಡು, ಚಾಸಿ, ಬಾಡಿ, ಎಂಜಿನ್‌ಗಳಲ್ಲಿ ಹೇಳಿಕೊಳ್ಳುವಂಥ ಮಾರ್ಪಾಡು ಆಗದ ವಾಹನ ವಿಂಟೇಜ್. ಅದಕ್ಕೆ ಬೇರೆಯೇ ನಂಬರ್ ಪ್ಲೇಟು, ದಿನನಿತ್ಯ ರಸ್ತೆಗಿಳಿಸುವಂತಿಲ್ಲ. ಓಡುವ ಕಾರು ಸವೆಯುತ್ತದೆ, ಸವೆದದ್ದನ್ನು ಬಿಚ್ಚಬೇಕು, ಬದಲಿಸಬೇಕು. ಏನನ್ನೂ ಮುಟ್ಟದೆ ಐವತ್ತು ವರ್ಷ ಉಳಿಯುವುದು ನಿಂತ ಕಾರು ಮಾತ್ರ.

ಇಂಥ ಹೊತ್ತಿನಲ್ಲಿ ನಾನು ಹೋಗಿ ನಿಲ್ಲುವುದು ಶಾಸನಗಳ ಮುಂದೆ. ಬಿ.ಎಲ್. ರೈಸ್ 1902ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹಾಸನದ ಸಂಪುಟ ತೆರೆದರೆ ದಾನಶಾಸನಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ: ಖಂಡಸ್ಫುಟಿತ ಜೀರ್ಣೋದ್ಧಾರ. ಕಲ್ಲಿನ ಮೇಲೆ ಣಕಾರಕ್ಕೆ ಒತ್ತು ಕೊಟ್ಟು 'ಜೀರ್ಣ್ಣೋದ್ಧಾರ' ಎಂದೇ ಕೊರೆದಿರುತ್ತಾರೆ. ಓದುವವರು ಇದನ್ನು ಒಂದೇ ಉಸಿರಿನಲ್ಲಿ 'ರಿಪೇರಿ' ಎಂದು ದಾಟಿಬಿಡುತ್ತಾರೆ. ದಾಟಬಾರದು. ಅಲ್ಲಿ ಮೂರು ಬೇರೆ ಬೇರೆ ಸ್ಥಿತಿಗಳಿವೆ. ಖಂಡ ಎಂದರೆ ತುಂಡಾದದ್ದು. ಸ್ಫುಟಿತ ಎಂದರೆ ಬಿರುಕು ಬಿಟ್ಟದ್ದು, ಇನ್ನೂ ಬೀಳದೆ ನಿಂತದ್ದು. ಜೀರ್ಣ ಎಂದರೆ ಮುರಿಯದೆ, ಸೀಳದೆ, ಬಳಸಿ ಬಳಸಿ ಸವೆದದ್ದು. ಮೂರಕ್ಕೂ ಒಂದೇ ಮದ್ದಲ್ಲ.

ಕಾರಿನ ಕೆಳಗೆ ಮಲಗಿ ನೋಡಿದವರಿಗೆ ಈ ವಿಂಗಡಣೆ ತಟ್ಟನೆ ಹೊಳೆಯುತ್ತದೆ. ಕಟ್ಟಾದ ಸ್ಪ್ರಿಂಗ್ ಪ್ಲೇಟು ಖಂಡ, ಅದನ್ನು ಬದಲಿಸಲೇಬೇಕು. ಬೀಡುಕಬ್ಬಿಣದ ಮ್ಯಾನಿಫೋಲ್ಡಿನ ಕೂದಲೆಳೆಯ ಬಿರುಕು ಸ್ಫುಟಿತ. ಅದನ್ನು ಬಲ್ಲ ವೆಲ್ಡರ್ ಮೊದಲು ಕಾಯಿಸಿ, ಬೆಸೆದು, ನಿಧಾನವಾಗಿ ಆರಲು ಬಿಡುತ್ತಾನೆ. ಅವಸರ ಮಾಡಿದರೆ ಬಿರುಕು ಇನ್ನೊಂದು ಬೆರಳು ಉದ್ದವಾಗುತ್ತದೆ. ಸ್ಟಿಯರಿಂಗ್ ಬುಷ್ ಸವೆದು ಪ್ಲೇ ಬಂದಿದ್ದರೆ ಅದು ಜೀರ್ಣ. ಯಾವುದು ಯಾವ ಜಾತಿಯದೆಂದು ಗುರುತಿಸುವುದರಲ್ಲೇ ಅರ್ಧ ಕೆಲಸ ಮುಗಿದಿರುತ್ತದೆ.

ಈಗ 'ಜೀರ್ಣೋದ್ಧಾರ' ಎಂಬ ಈ ಸೂಕ್ಷ್ಮವಾದ ಮಾತಿಗೆ ಏನಾಗಿದೆ ನೋಡಿ. ಊರೂರಿನ ಬಾಗಿಲಲ್ಲಿ ಫ್ಲೆಕ್ಸ್ ಕಟ್ಟಿ, ಅದೇ ಹೆಸರಿನಲ್ಲಿ ಹಳೆಯ ಕಲ್ಲಿನ ಗುಡಿಯನ್ನು ಜೆಸಿಬಿಯಿಂದ ಕೆಡವಿ, ಕಾಂಕ್ರೀಟಿನ ಗೋಪುರ ಎಬ್ಬಿಸಿ, ಗರ್ಭಗುಡಿಗೆ ಟೈಲ್ಸ್ ಹಾಕುತ್ತಾರೆ. ಕೆಡವಿದ್ದನ್ನು ಉದ್ಧಾರ ಎನ್ನುವುದನ್ನು ನನ್ನಿಂದ ಸಹಿಸಲಾಗುವುದಿಲ್ಲ. ಕಾರಿನ ಲೋಕದಲ್ಲೂ ಇದೇ ರೋಗವಿದೆ. ಹದಿನೈದು ವರ್ಷದ ಹಿಂದೆ ಪೇಟೆಯ ಒಂದು ಶೆಡ್ಡಿಗೆ ಬಾಗಿಲ ಕೆಳಗಿನ ಪಟ್ಟಿ ಸರಿಮಾಡಲು ಕಾರು ಬಿಟ್ಟಿದ್ದೆ. ಹೊಳೆಯುತ್ತ ಬಂತು. ಎರಡನೆಯ ಮಳೆಗಾಲಕ್ಕೆ ಬಣ್ಣ ಗುಳ್ಳೆಯೆದ್ದಿತು. ಸ್ಕ್ರೂಡ್ರೈವರಿನಿಂದ ಮೆಲ್ಲಗೆ ಒತ್ತಿದರೆ ಹಿಡಿಯವರೆಗೂ ಒಳಗೆ ಹೋಯಿತು. ತುಕ್ಕನ್ನು ಕತ್ತರಿಸದೆ ಮೇಲೆ ಪುಟ್ಟಿ ಮೆತ್ತಿದ್ದರು. ಆಮೇಲೆ ಕಾರನ್ನು ಹೊರಗೆ ಕೊಡುವುದನ್ನೇ ಬಿಟ್ಟೆ.

ಮನೆಯಲ್ಲೇ ಮಾಡಲು ಶುರುಮಾಡಿದ ಮೇಲೆ ಕಲಿತದ್ದು ಬಹಳ. ಇದು ಇಂಗ್ಲಿಷರ ಇಂಚಿನ ಲೆಕ್ಕದ ಕಾರು. ಅರ್ಧ ಇಂಚಿನ ಬೋಲ್ಟ್ ತಲೆ ಎಂದರೆ 12.7 ಮಿಲಿಮೀಟರ್. ಅದಕ್ಕೆ 13ರ ಸ್ಪ್ಯಾನರ್ ಕೂರುತ್ತದೆ, ತಿರುಗಿಸುತ್ತದೆ ಕೂಡ. ಆದರೆ ಆ 0.3 ಮಿಲಿಮೀಟರಿನ ಸಡಿಲ ಪ್ರತಿ ಸಲ ಮೂಲೆಯನ್ನು ಒಂದಿಷ್ಟು ಸವರುತ್ತದೆ. ಹತ್ತು ಸಲ ಆದಮೇಲೆ ಷಟ್ಕೋನ ಉರುಟಾಗಿ ಯಾವ ಸ್ಪ್ಯಾನರಿಗೂ ಸಿಗುವುದಿಲ್ಲ, ಉಳಿ ಹಿಡಿದು ಹೊಡೆಯಬೇಕು. ಕೈಗೆ ಸಿಕ್ಕ ಸ್ಪ್ಯಾನರಿನಿಂದ ಕೆಲಸ ಸಾಗಿಸುವವನಿಗೆ ಅವತ್ತು ಏನೂ ತಿಳಿಯುವುದಿಲ್ಲ. ನಷ್ಟ ಬೀಳುವುದು ಹತ್ತು ವರ್ಷದ ಮೇಲೆ ಅದೇ ಬೋಲ್ಟ್ ಬಿಚ್ಚುವವನ ಮೇಲೆ.

ಇಷ್ಟು ಬರೆದು ಶಾಸನದ ಸಂಪುಟಕ್ಕೆ ಮರಳಿದಾಗ, ನಾನು ತಪ್ಪು ಪ್ರಶ್ನೆಯ ಬೆನ್ನು ಹತ್ತಿದ್ದೆ ಎಂದು ಗೊತ್ತಾಯಿತು. ಖಂಡಸ್ಫುಟಿತ ಎಂಬ ಮಾತು ಬರುವ ಜಾಗವನ್ನು ಗಮನಿಸಿ. ದೇವರ ಅಂಗಭೋಗ, ರಂಗಭೋಗ, ನಂದಾದೀವಿಗೆ, ಋಷಿಯರ ಆಹಾರದಾನ, ಅದರ ಜೊತೆಯಲ್ಲೇ ಖಂಡಸ್ಫುಟಿತ ಜೀರ್ಣೋದ್ಧಾರ. ಎಷ್ಟೋ ಕಡೆ ಇದು ಗುಡಿ ಕಟ್ಟಿ ಮುಗಿಸಿದಾಗಲೇ ಬಿಟ್ಟ ಭೂಮಿಯ ದಾನ. ಉಳಿಯ ಗುರುತು ಇನ್ನೂ ಮಾಸಿಲ್ಲ, ಒಂದು ಕಲ್ಲೂ ಬಿರಿದಿಲ್ಲ, ಅಷ್ಟರಲ್ಲೇ ಬಿರಿಯುವ ಕಲ್ಲಿಗೆ ಗದ್ದೆ ಗೊತ್ತುಮಾಡಿದ್ದಾರೆ. ದೀಪದ ಎಣ್ಣೆಯಂತೆ ರಿಪೇರಿಯೂ ನಿತ್ಯದ ಖರ್ಚು. ವಿಷ್ಣುವರ್ಧನನ ದಂಡನಾಯಕ ಗಂಗರಾಜ ಗೆದ್ದ ಯುದ್ಧಗಳ ಜೊತೆಗೆ, ಗಂಗವಾಡಿಯ ಬಸದಿಗಳನ್ನು ಸರಿಪಡಿಸಿದ ಕೀರ್ತಿಯನ್ನೂ ಶ್ರವಣಬೆಳಗೊಳದ ಕಲ್ಲು ಹೊತ್ತಿದೆ.

ರಿಪೇರಿಗೆ ಬಿಟ್ಟ ಆ ದತ್ತಿ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಹಳೇಬೀಡಿನ ಕೇದಾರೇಶ್ವರವನ್ನು 1219ರಲ್ಲಿ ಇಮ್ಮಡಿ ವೀರಬಲ್ಲಾಳನೂ ರಾಣಿ ಅಭಿನವ ಕೇತಲದೇವಿಯೂ ಕಟ್ಟಿಸಿದರು. ಅದರ ಶಿಖರವನ್ನು ಕೆಡವಿದ್ದು ಕಲ್ಲಿನ ಸಂದಿಯಲ್ಲಿ ಬೇರು ಬಿಟ್ಟ ಮರ. ಎರಡು ಬೆರಳಲ್ಲಿ ಕಿತ್ತು ಎಸೆಯಬಹುದಾದ ಸಸಿಯಾಗಿದ್ದಾಗ ಮೇಲೆ ಹತ್ತಿ ಕೀಳುವವರು ಇರಲಿಲ್ಲ. ಆದರೆ ಬೇಲೂರಿನ ದೇವಾಲಯಕ್ಕೆ ಗೋಪುರ 1397ರಲ್ಲಿ ಮತ್ತೆ ಎದ್ದಿತು. ಗರ್ಭಗುಡಿಯ ಮೇಲಿನ ಶಿಖರವನ್ನು 1879ರಲ್ಲಿ, ಕೆಳಗಿನ ಕಟ್ಟಡ ಉಳಿಯಲೆಂದು ಇಳಿಸಿದರು. ಅಲ್ಲಿ ಪೂಜೆ ಇಂದಿಗೂ ನಡೆಯುತ್ತದೆ. ಮುಂದೆ ನಿಂತವರು ಯಾರೂ ಇದರಲ್ಲಿ ಒರಿಜಿನಲ್ ಎಷ್ಟು ಎಂದು ಕೇಳುವುದಿಲ್ಲ.

ಆ ಹುಡುಗ ಮತ್ತೆ ಸಿಕ್ಕರೆ ಏನು ಉಳಿದಿದೆ ಎಂದು ಪಟ್ಟಿ ಕೊಡುವುದಿಲ್ಲ, ಕೊಟ್ಟಿಗೆಗೆ ಕರೆದುಕೊಂಡು ಹೋಗುತ್ತೇನೆ. ಗೋಡೆಗೆ ತೂಗುಹಾಕಿದ ನೋಟ್‌ಬುಕ್ಕಿನ ಮೊದಲ ಪುಟಗಳಲ್ಲಿ ಅಪ್ಪನ ಅಕ್ಷರವಿದೆ: ತಾರೀಕು, ಮೈಲಿ, ಗ್ರೀಸ್ ಹೊಡೆದದ್ದು, ಕಾರ್ಬುರೇಟರಿನ ನೆತ್ತಿಗೆ ಎಣ್ಣೆ ಬಿಟ್ಟದ್ದು, ಪಾಯಿಂಟಿನ ಸಂದನ್ನು 0.015 ಅಂಗುಲಕ್ಕೆ ತಂದದ್ದು. ಮುಂದಿನ ಪುಟಗಳು ನನ್ನವು.

ಹುಲಿಕೆರೆಯ ಕೊಳದಲ್ಲಿ ಅವತ್ತು ಮೆಟ್ಟಿಲಿಳಿದು ನೋಡಿದೆ. ನೀರಿನ ಮೇಲೆ ಎರಡನೆಯ ಸಾಲಿನ ಕಲ್ಲುಗಳ ನಡುವೆ ಮೂರೆಲೆಯ ಅರಳಿ ಸಸಿಯೊಂದು ಇಣುಕುತ್ತಿತ್ತು. ನಿಮ್ಮೂರಿನ ಜೀರ್ಣೋದ್ಧಾರ ಸಮಿತಿಯವರು ರಸೀದಿ ಪುಸ್ತಕ ಹಿಡಿದು ಮನೆಗೆ ಬಂದರೆ ದುಡ್ಡು ಕೊಡಿ. ಕೊಡುವ ಮುಂಚೆ ಒಂದು ಮಾತು ಕೇಳಿ: ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಮೇಲೆ, ಮಾಡು ಹತ್ತಿ ಸಸಿ ಕೀಳುವವರಿಗೆಂದು ಎಷ್ಟು ತೆಗೆದಿಟ್ಟಿದ್ದೀರಿ?